ದಿಲ್ಲಿ ನೋಡಿ ಬಂದ ನೆಗೆಣ್ಣಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ನೀವಾಗಿಯೇ ಕಂಡುಹಿಡಿದೆವೆಂದು ಬೀಗುವುದು ಬೇಡ. ಹಾಗಂತ ಊರವರ ಮೇಲೆಲ್ಲ ಉರಿದು ಬೀಳುವವಳು ನಾನಲ್ಲ. ಪಕ್ಕದ ಮನೆಯಾಕೆ ಬಂಗಾರದ ಪಾಟಲಿ ಮಾಡಿಸಿಕೊಂಡರೆ ಕೈಗೆ ಹಾಕಿ ನೋಡಿ, ಭಾಳ ಛಲೋ ಅದಾವ ಎಂದು ಹೇಳಿ, ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೇ ಉಣ್ಣಬಲ್ಲೆ. ನನ್ನ ಕಿಚ್ಚೆಲ್ಲ ಒಬ್ಬಳಿಗೇ ಮೀಸಲು. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಶಾಂತಕ್ಕ. ಗಂಗಾವತಿಯ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇಬ್ಬರೂ ಬಾಳುವೆ ಮಾಡುತ್ತ ಬಂದಿದ್ದೇವೆ. ಅವಳು ರೊಟ್ಟಿ ಬಡಿದರೆ ನಾನು ಬೇಯಿಸುತ್ತೇನೆ, ಅವಳು ಮಾತಾಡಿದರೆ ನಾನು ಕೇಳುತ್ತೇನೆ. ಈ ಎರಡನೆಯದೇ ನನಗೆ ಕಷ್ಟ.

ಮೊದಲು ಹೀಗಿರಲಿಲ್ಲ. ಅವಳ ತವರು ಕುಷ್ಟಗಿ, ನನ್ನದು ಯಲಬುರ್ಗಾ. ಎರಡೂ ಕಡೆ ಅದೇ ಜೋಳ, ಅದೇ ಬಿಸಿಲು, ಒಬ್ಬರು ಇನ್ನೊಬ್ಬರಿಗೆ ತವರಿನ ಹೆಚ್ಚುಗಾರಿಕೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆದರೆ ಎಂಬತ್ತೆರಡರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತಲ್ಲ, ಆಗ ಎಲ್ಲ ಕೆಟ್ಟಿತು. ಅವಳ ಅಣ್ಣನಿಗೆ ದಿಲ್ಲಿಯಲ್ಲಿ ಸರಕಾರಿ ನೌಕರಿ. ಆತ ತಂಗಿಯನ್ನೂ ಆಕೆಯ ಗಂಡನನ್ನೂ ಬನ್ನಿರೆಂದು ಕರೆದ. ಭಾವನವರು ಭತ್ತದ ವ್ಯಾಪಾರ ಬಿಟ್ಟು, ಶಾಂತಕ್ಕ ಒಲೆ ಬಿಟ್ಟು, ಕೊಪ್ಪಳದಲ್ಲಿ ರೈಲು ಹತ್ತಿ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಹೋಗಿಯೇಬಿಟ್ಟರು. ನನಗೂ ಅಣ್ಣಂದಿರಿದ್ದಾರೆ. ಶೇಂಗಾ ಮಾರಲು ಕೊಪ್ಪಳದ ಬಜಾರಕ್ಕೆ ಬಂದರೆ ಅವರಿಗೆ ಅದೇ ದಿಲ್ಲಿ.

ನಮ್ಮ ಓಣಿಯಲ್ಲಿ ಆಗ ಟಿ.ವಿ. ಇರಲಿಲ್ಲ. ನಾವೆಲ್ಲ ರೇಡಿಯೋದ ಸುತ್ತ ಕುಳಿತು, ಗೊರಗೊರ ಸದ್ದಿನ ನಡುವೆ ಯಾರೋ ಓಡುವುದನ್ನು, ಯಾರೋ ಚಪ್ಪಾಳೆ ತಟ್ಟುವುದನ್ನು ಕೇಳಿದೆವು. ಆ ಚಪ್ಪಾಳೆಯಲ್ಲಿ ಒಂದು ಜೋಡಿ ಕೈ ಶಾಂತಕ್ಕನವು ಎಂಬ ವಿಚಾರ ಬಂದಾಗಲೆಲ್ಲ ನನಗೆ ರೇಡಿಯೋ ಬಂದ್ ಮಾಡಬೇಕೆನಿಸುತ್ತಿತ್ತು. ಅತ್ತೆಯವರು ಮಾತ್ರ ಅದರ ಹತ್ತಿರ ಕಿವಿಯಿಟ್ಟು, "ನಮ್ಮ ಶಾಂತಾನ ದನಿ ಕೇಳ್ತದನು ನೋಡು" ಎನ್ನುತ್ತಿದ್ದರು.

ಅವಳು ತಿರುಗಿ ಬರುವಾಗ ಒಂದು ಸ್ವೆಟರ್ ತಂದಳು, ಒಂದು ಡಬ್ಬಿ ಸಿಹಿ ತಂದಳು. ಸ್ವೆಟರ್ ನಮ್ಮ ಊರಿನ ಸೆಕೆಯಲ್ಲಿ ಟ್ರಂಕು ಸೇರಿತು. ಸಿಹಿ ಮೂರು ದಿನಕ್ಕೆ ಮುಗಿಯಿತು. ಆದರೆ ಅವಳು ತಂದ ಮಾತುಗಳಿದ್ದವಲ್ಲ, ಅವು ಇವತ್ತಿಗೂ ಮುಗಿದಿಲ್ಲ. ಪಥಸಂಚಲನವಂತೆ, ಕ್ರೀಡಾಜ್ಯೋತಿಯಂತೆ, ಪ್ರತಿಜ್ಞೆಯಂತೆ, ಹೀಟ್ಸ್ ಅಂತೆ, ವಿಕ್ಟರಿ ಸ್ಟ್ಯಾಂಡ್ ಅಂತೆ. ಮುಂಜಾನೆಯ ರೊಟ್ಟಿ ಹೀಟ್ಸ್ ಆಯಿತು, ರಾತ್ರಿಯದು ಫೈನಲ್. ಅವಳಿಗಿಂತ ಮೊದಲು ನಾನು ಹಿಟ್ಟಿಗೆ ಕೈಹಾಕಿದರೆ ಅದು ಫೌಲ್ ಸ್ಟಾರ್ಟ್. ಅಣ್ಣತಮ್ಮಂದಿರು ಇಬ್ಬರೂ ಒಮ್ಮೆಲೇ ಊಟಕ್ಕೆ ಬಂದು ಕೈತೊಳೆಯಲು ನಿಂತರೆ ಫೋಟೋ ಫಿನಿಶ್. ಅತ್ತೆಯವರೂ ಕಲಿತುಬಿಟ್ಟರು. ಹಿಂಡಿಸಿಕೊಳ್ಳದೆ ಅಂಗಳದಲ್ಲಿ ಸುತ್ತುವ ಎಮ್ಮೆಗೆ, "ಇನ್ನೊಂದು ಲ್ಯಾಪ್ ಹೊಡಿ, ಆಮ್ಯಾಲ ಬಾ" ಎಂದು ಗದರುತ್ತಿದ್ದರು. ಇಡೀ ಮನೆಯಲ್ಲಿ ಆ ಮಾತುಗಳನ್ನು ಆಡದವಳು ನಾನೊಬ್ಬಳೇ. ಆಡಿದರೆ ಶಾಂತಕ್ಕನ ಗಂಟನ್ನು ಬಿಚ್ಚಿ ಅವಳ ಸೀರೆ ಉಟ್ಟಂತಾಗುತ್ತಿತ್ತು.

ಬಂದವರಿಗೆಲ್ಲ ಅವಳು ದಿಲ್ಲಿಯ ಕತೆ ಹೇಳುತ್ತಿದ್ದಳು. ಹೇಳುವುದೆಂದರೆ ಕುಳಿತು ಹೇಳುವುದಲ್ಲ. ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಜು ಹಿಡಿದವನು ಹೇಗೆ ಓಡಿದ, ಮೆಟ್ಟಿಲು ಹೇಗೆ ಹತ್ತಿದ, ಜ್ಯೋತಿ ಹತ್ತಿದಾಗ ಜನ ಹೇಗೆ ಸುಮ್ಮನಾದರು ಎಂದು ಮಾಡಿ ತೋರಿಸುತ್ತಿದ್ದಳು. "ಏನ್ ಹೇಳ್ಲೆವ್ವಾ, ಅಷ್ಟು ಮಂದಿ ಉಸರ ಬಿಡ್ಲಿಲ್ಲ" ಎಂದು ಅವಳು ಕಣ್ಣು ಅಗಲಿಸಿದಾಗ ಕೇಳುವವರೂ ಉಸಿರು ಹಿಡಿಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದೆ. ಅವಳ ಕತೆಗೆ ನಾನು ಇಷ್ಟು ವರ್ಷ ಕಾಸಿದ ಚಹಾ ಕಾಲುವೆಗೆ ಬಿಟ್ಟರೆ ಪಕ್ಕದ ಮರಳಿ ಊರಿನ ಗದ್ದೆಗಳಿಗೂ ಸಾಕಾಗುತ್ತಿತ್ತು.

ನೋಡಿದವಳನ್ನು ಓದಿ ಸೋಲಿಸಬೇಕೆಂದು ನಾನು ನಿರ್ಧರಿಸಿದೆ. ಪಿ.ಯು.ಸಿ.ವರೆಗೆ ಓದಿದವಳು ನಾನು, ಅವಳು ಏಳನೆಯ ಇಯತ್ತೆ. ಗಂಡನ ಹೆಸರಿನಲ್ಲಿ ಲೈಬ್ರರಿಯಿಂದ ದಪ್ಪದಪ್ಪ ಪುಸ್ತಕ ತರಿಸಿ ಗ್ರೀಕರವರೆಗೂ ಹೋದೆ. ಅಲ್ಲಿ ನನಗೆ ಭಾರಿ ನಿಧಿಯೇ ಸಿಕ್ಕಿತು. ಹಳೆಯ ಕಾಲದ ಆ ಒಲಿಂಪಿಕ್ ಆಟಗಳನ್ನು ಮದುವೆಯಾದ ಹೆಂಗಸರು ನೋಡುವಂತೆಯೇ ಇರಲಿಲ್ಲವಂತೆ. ನೋಡಿದವಳು ಸಿಕ್ಕಿಬಿದ್ದರೆ ಬೆಟ್ಟದ ಮೇಲಿನಿಂದ ತಳ್ಳಬೇಕೆಂದು ಕಾನೂನು. ಇದನ್ನು ಓದಿ ನನಗಾದ ಸಂತೋಷ ಗ್ರೀಕ್ ಗಂಡಸರಿಗೂ ಆಗಿರಲಿಕ್ಕಿಲ್ಲ. ಮರುದಿನ ನಾಲ್ಕು ಜನ ಬಂದು ಕುಳಿತಾಗ, ಚಹಾದ ತಾಟು ಹಿಡಿದು ಹೊರಗೆ ಬಂದು, "ಶಾಂತಕ್ಕ, ಆ ಕಾಲದಾಗ ಆಗಿದ್ರ ನಿನ್ನನ್ನ ನಮ್ಮ ಹೇಮಗುಡ್ಡದ ಮ್ಯಾಲಿಂದ ದಬ್ಬತಿದ್ರು ನೋಡು" ಎಂದು ವಿವರವಾಗಿ ಹೇಳಿದೆ.

ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಅದಕ್ಕವ್ವಾ ನಾ ಗ್ರೀಸಿಗೆ ಹೋಗ್ಲಿಲ್ಲ, ದಿಲ್ಲಿಗೆ ಹೋದೆ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಇಷ್ಟು ದಿನದ ಓದು ಅವಳ ಒಂದು ಮಾತಿಗೆ ಒಗ್ಗರಣೆಯಾಯಿತು.

ಆದರೂ ಆ ಓದಿನಿಂದ ನನಗೆ ಲಾಭವಾಗಲಿಲ್ಲವೆಂದಲ್ಲ. ಗ್ರೀಕರು ಆಟದ ದಿನಗಳಲ್ಲಿ ಯುದ್ಧ ನಿಲ್ಲಿಸುತ್ತಿದ್ದರು ಎಂದು ತಿಳಿಯಿತು. ಇದು ನಮಗೇನು ಹೊಸದೇ? ಹಬ್ಬ ಬಂದರೆ, ಬೀಗರು ಬಂದರೆ ನಾನೂ ಶಾಂತಕ್ಕನೂ ಹೀಗೆಯೇ ಕದನ ನಿಲ್ಲಿಸಿ, ಒಬ್ಬರಿಗೊಬ್ಬರು ಹೆರಳು ಹಾಕಿಕೊಳ್ಳುತ್ತೇವೆ. ಇನ್ನು ಸೂರ್ಯನ ಕಿರಣವನ್ನು ಕನ್ನಡಿಯಲ್ಲಿ ಹಿಡಿದು ಜ್ಯೋತಿ ಹೊತ್ತಿಸಿ, ಕೈಯಿಂದ ಕೈಗೆ ದಾಟಿಸುತ್ತ, ಆರದಂತೆ ಓಡುತ್ತಾರೆ ಎಂದು ಓದಿದಾಗಲಂತೂ ನನಗೆ ನಗು ಬಂತು. ಯಲಬುರ್ಗಾದಲ್ಲಿ ನಾನು ಸಣ್ಣವಳಿದ್ದಾಗ ಬೆಳಗಿನ ಒಲೆಗೆ ಬೆಂಕಿಕಡ್ಡಿ ಗೀರುವುದು ದುಂದಿನ ಲೆಕ್ಕ. ಯಾರ ಮನೆಯ ಮಾಡಿನಿಂದ ಮೊದಲು ಹೊಗೆ ಏಳುತ್ತದೋ ನೋಡಿ, ಸಗಣಿಯ ಕುಳ್ಳಿನ ತುಂಡು ಹಿಡಿದು ಅಲ್ಲಿಗೆ ಓಡಬೇಕು. ಅದರ ಮೇಲೆ ಕೆಂಡ ಇಡಿಸಿಕೊಂಡು, ಊದುತ್ತ, ಕೈ ಸುಡುವುದರೊಳಗೆ ಮನೆ ಮುಟ್ಟಬೇಕು. ನಮ್ಮ ಮನೆಯಿಂದ ಇನ್ನೊಬ್ಬಳು ಒಯ್ಯುತ್ತಾಳೆ, ಅವಳಿಂದ ಮತ್ತೊಬ್ಬಳು. ಹೀಗೆ ಒಂದೇ ಕೆಂಡ ಇಡೀ ಓಣಿಯನ್ನು ಓಡಿ ಮುಗಿಸುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಯಾರೂ ಬೆಂಕಿ ಕೊಡುತ್ತಿರಲಿಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆಂದು. ಆ ಓಟದಲ್ಲಿ ನನ್ನನ್ನು ಹಿಂದೆ ಹಾಕುವವರು ನಮ್ಮ ಓಣಿಯಲ್ಲಿರಲಿಲ್ಲ. ಆದರೆ ಇದನ್ನು ಎದ್ದು ನಿಂತು ಮಾಡಿ ತೋರಿಸಲು ನನಗೆ ಬರುವುದಿಲ್ಲ.

ಇಷ್ಟರಲ್ಲಿ ನಮ್ಮ ಊರಿನ ಮಹಿಳಾ ಮಂಡಳದವರಿಗೂ ಆಟದ ಗಾಳಿ ಬೀಸಿತು. ಅಧ್ಯಕ್ಷರಾದ ಟೀಚರಮ್ಮ ಸಾಲೆಯ ಮೈದಾನದಲ್ಲಿ ಹೆಂಗಸರ ಕ್ರೀಡಾಕೂಟ ಮಾಡುವುದೆಂದು ಸಾರಿದರು. ಎಲ್ಲ ಪದ್ಧತಿಯ ಪ್ರಕಾರವೇ ಆಗಬೇಕು, ಪದ್ಧತಿ ಬಲ್ಲವರು ಯಾರು? ಶಾಂತಕ್ಕ. ಅವಳನ್ನು ಕರೆದೊಯ್ಯಲು ಮನೆಗೇ ಬಂದರು. ನಾನು ಅವರಿಗೂ ಚಹಾ ಮಾಡಿಕೊಟ್ಟೆ. ಗ್ರೀಕರ ವಿಷಯ ಕೇಳುತ್ತಾರೇನೋ ಎಂದು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಯಾರೂ ಕೇಳಲಿಲ್ಲ.

ಆಗ ನಾನು ಒಂದು ನಿಶ್ಚಯ ಮಾಡಿದೆ. ಹೇಳುವುದರಲ್ಲಿ ಅವಳು ಮುಂದಿದ್ದರೆ ಇರಲಿ, ಓಡುವುದರಲ್ಲಿ ನಾನು ಮುಂದಾಗುತ್ತೇನೆ. ಒಂದೇ ಒಂದು ಸಲ, ಊರ ಮಂದಿಯ ಕಣ್ಣೆದುರಿಗೆ, ಶಾಂತಕ್ಕನಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕು. ನನಗೆ ಬಹುಮಾನದ ಕೊಡ ಬೇಡ, ತಾಟು ಬೇಡ, ಆ ಒಂದು ಮೆಟ್ಟಿಲು ಬೇಕಿತ್ತು. ಗೆಲ್ಲುವುದಕ್ಕಿಂತ ಭಾಗವಹಿಸುವುದೇ ದೊಡ್ಡದು ಎಂದು ಆ ಆಟದವರೊಂದು ಧ್ಯೇಯ ಹೇಳುತ್ತಾರಲ್ಲ, ಅದನ್ನು ಮೊದಲು ಹೇಳಿದವರ ಮನೆಯಲ್ಲಿ ನೆಗೆಣ್ಣಿ ಇರಲಿಲ್ಲವೆಂದು ಕಾಣುತ್ತದೆ.

ಗೆದ್ದವರು ನಿಲ್ಲುವ ಆ ಮೆಟ್ಟಿಲನ್ನು ಮಾಡಿಸಲು ಕಿನ್ನಾಳಕ್ಕೆ ಹೇಳಿ ಕಳಿಸಿದ್ದರು. ದೇವರ ಮೂರ್ತಿ, ಗೊಂಬೆ, ತೊಟ್ಟಿಲು ಮಾಡುವ ಕೈಗಳು ಅವು. ನಡುವೆ ಎತ್ತರ, ಆ ಕಡೆ ಸ್ವಲ್ಪ ತಗ್ಗು, ಈ ಕಡೆ ಇನ್ನೂ ತಗ್ಗು ಎಂದು ಶಾಂತಕ್ಕ ಹೇಳಿದ ಅಳತೆಗೆ ಸರಿಯಾಗಿಯೇ ಮಾಡಿದ್ದರು. ಆದರೆ ಬರೀ ಕಟ್ಟಿಗೆಯಾಗಿ ಬಿಡಲು ಮನಸ್ಸು ಬಾರದೆ, ಕೆಂಪು ಹಳದಿ ಬಣ್ಣ ಹಚ್ಚಿ, ಮುಂದುಗಡೆ ಬಳ್ಳಿ ಎಳೆದು, ಬಳ್ಳಿಗೆ ಗಿಳಿ ಕೂಡಿಸಿದ್ದರು. ಮೈದಾನದಲ್ಲಿ ಅದನ್ನು ಇಟ್ಟಾಗ ಎಷ್ಟು ಚೆಂದ ಕಂಡಿತೆಂದರೆ, ಇಬ್ಬರು ಮುದುಕಿಯರು ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದು ಹೋದರು.

ಆ ದಿನ ಎಲ್ಲವೂ ದಿಲ್ಲಿಯಂತೆಯೇ ನಡೆಯಿತು, ಅಥವಾ ದಿಲ್ಲಿಯಂತೆಯೇ ನಡೆಯಿತೆಂದು ಶಾಂತಕ್ಕ ಹೇಳಿದಳು. ಶಾಂತಿಯ ಸಂಕೇತವೆಂದು ಹಾರಿಬಿಡಲು ಅಕ್ಕಿ ಗಿರಣಿಯಿಂದ ಪಾರಿವಾಳ ಹಿಡಿದು ತಂದಿದ್ದರು. ಬಿಟ್ಟ ಕೂಡಲೇ ಅವು ಆಕಾಶದ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಗಿರಣಿಗೇ ಹೋದವು. ಗದ್ದೆ ಮಾಡಲು ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ತೆಲುಗು ಹೆಂಗಸರು, ಬಜಾರದ ಹೆಂಗಸರು, ಹಳ್ಳಿಯ ಹೆಂಗಸರು ಸಾಲಾಗಿ ಪಥಸಂಚಲನ ಮಾಡಿದರು. ಪಂಜು ಹಿಡಿದು ಮುಂದೆ ನಡೆದವಳು ಯಾರೆಂದು ನಿಮಗೆ ಬೇರೆ ಹೇಳಬೇಕಿಲ್ಲ. ನಾನು ಹಿಂದಿನಿಂದ ಅವಳ ಪಂಜಿನ ಹೊಗೆ ಕುಡಿಯುತ್ತ ನಡೆದೆ.

ನಮ್ಮ ಸ್ಪರ್ಧೆ ಕೊಡ ಹೊತ್ತು ಓಡುವುದು. ತುಂಬಿದ ಕೊಡ, ತಲೆಯ ಮೇಲೆ ಸಿಂಬಿ, ಮೈದಾನದ ಆ ತುದಿಯವರೆಗೆ. ನೀರು ಕೊಡದ ಕಂಠಕ್ಕಿಂತ ಕೆಳಗಿಳಿದರೆ ಆಟದಿಂದ ಹೊರಗೆ. ಶಾಂತಕ್ಕ ಹೆಸರು ಕೊಟ್ಟಿದ್ದಳು, ನಾನು ಕೊಟ್ಟಿದ್ದೆ. ಕೊನೆಯ ಗಳಿಗೆಗೆ, ನೋಡಲೆಂದು ಬಂದಿದ್ದ ನಮ್ಮ ಅತ್ತೆಯವರೂ, "ನನಗೂ ಒಂದು ಕೊಡ ಕೊಡ್ರಿ, ನಾನೇನು ನೀರ ಹೊತ್ತಿಲ್ಲನು?" ಎಂದು ಸಾಲಿಗೆ ಬಂದು ನಿಂತರು. ಎಲ್ಲರೂ ನಕ್ಕು ಜಾಗ ಮಾಡಿಕೊಟ್ಟರು.

ಸೀಟಿ ಊದಿದರು. ಸೊಂಟದ ಮೇಲೆ ಬಿಂದಿಗೆ ಹೊತ್ತು ರೂಢಿಯಿದ್ದ ಕ್ಯಾಂಪಿನ ಹೆಂಗಸರ ಕೊಡಗಳು ಮೊದಲೇ ಉರುಳಿದವು. ವಯಸ್ಸಿನ ಹುಡುಗಿಯರು ಓಡಲು ಹೋಗಿ ಮೈಯೆಲ್ಲ ತೋಯಿಸಿಕೊಂಡರು. ನಾನು ಕೆಂಡ ತರುತ್ತಿದ್ದಾಗಿನ ಹಾಗೆ ಕುತ್ತಿಗೆಯಿಂದ ಮೇಲೆ ಅಲುಗದೆ, ಕಾಲು ಮಾತ್ರ ಸರಸರ ಸರಿಸುತ್ತ ಹೋದೆ. ಪಕ್ಕದಲ್ಲಿ ಶಾಂತಕ್ಕನ ಬಳೆಯ ಸದ್ದು ಕೇಳುತ್ತಿತ್ತು, ಆಮೇಲೆ ಹಿಂದೆ ಕೇಳಿತು, ಆಮೇಲೆ ಇನ್ನೂ ಹಿಂದೆ. ಆ ಸದ್ದು ದೂರವಾಗುತ್ತ ಹೋದಂತೆ ನನಗಾದ ಸುಖವನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಹೆರಿಗೆಯಾಗಿ ಮಗುವಿನ ಮುಖ ನೋಡಿದಾಗಲೂ ಅಷ್ಟು ಸುಖವಾಗಿರಲಿಲ್ಲ. ನಾನು ಮೊದಲು ಗೆರೆ ಮುಟ್ಟಿದೆ. ಶಾಂತಕ್ಕ ಎರಡನೆಯವಳು. ಬಿದ್ದವರು, ಚೆಲ್ಲಿದವರು ಎಲ್ಲರನ್ನೂ ದಾಟಿ, ಓಡುವ ಗೋಜಿಗೇ ಹೋಗದೆ, ಬಾವಿಯಿಂದ ಮನೆಗೆ ಬಂದಂತೆ ತಣ್ಣಗೆ ನಡೆದು ಬಂದ ನಮ್ಮ ಅತ್ತೆಯವರು ಮೂರನೆಯವರು. ಅವರ ಕೊಡದಿಂದ ಒಂದು ಹನಿಯೂ ಕೆಳಗೆ ಬಿದ್ದಿರಲಿಲ್ಲ.

ಟೀಚರಮ್ಮ ಮೈಕಿನಲ್ಲಿ ಹೆಸರು ಕೂಗಿದರು. ಪ್ರಥಮ, ಗಿರಿಜಾ. ಮೈದಾನವೆಲ್ಲ ಚಪ್ಪಾಳೆ. ನಾನು ಗಿಳಿಗಳ ಮೇಲಿನ ಎತ್ತರದ ಮೆಟ್ಟಿಲಿಗೆ ಒಂದು ಕಾಲಿಟ್ಟೆ. ಇಟ್ಟು ಕೆಳಗೆ ನೋಡಿದರೆ, ಎಲ್ಲಕ್ಕಿಂತ ತಗ್ಗಿನ ಮೆಟ್ಟಿಲ ಹತ್ತಿರ ಅತ್ತೆಯವರು ಸೆರಗು ಹೊದ್ದು ನಿಂತಿದ್ದಾರೆ. ಅತ್ತೆ ನೆಲದ ಮೇಲೆ ಕುಳಿತರೆ ನಾನು ಹೊರಸಿನ ಮೇಲೆ ಕುಳಿತವಳಲ್ಲ. ಈಗ ಊರ ಮುಂದೆ ಅವರ ತಲೆಯ ಮೇಲೆ ನನ್ನ ಕಾಲು ಬರುವ ಹಾಗೆ ನಿಲ್ಲುವುದೇ? ಮುಂದಿನ ಸಾಲಿನಲ್ಲಿ ಯಾರೋ, "ಅಯ್ಯ, ಸೊಸಿ ಮ್ಯಾಲ, ಅತ್ತಿ ಕೆಳಗ!" ಎಂದರು. ನನ್ನ ಕಾಲು ಮೇಲೇರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿಯುಂಟು. ಯಾರು ಏನು ಕೊಟ್ಟರೂ ಮೊದಲು ಒಲ್ಲೆ ಎನ್ನಬೇಕು. ಊಟಕ್ಕೆ ಏಳಿರೆಂದರೆ, ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿದ್ದರೂ, ಈಗ ಉಂಡು ಬಂದೇವ್ರಿ ಎನ್ನಬೇಕು. ಅವರು ಒತ್ತಾಯ ಮಾಡಬೇಕು, ಇವರು ಮತ್ತೆ ಒಲ್ಲೆ ಎನ್ನಬೇಕು, ಆಮೇಲೆ ಎಲೆಯ ಮುಂದೆ ಕೂರಬೇಕು. ಈ ಪದ್ಧತಿಯನ್ನು ನಂಬಿ ನಾನು ಒಂದು ಉಪಾಯ ಮಾಡಿದೆ. ಕಾಲು ಹಿಂದಕ್ಕೆ ತೆಗೆದು, ಎಲ್ಲರಿಗೂ ಕೇಳುವಂತೆ, "ಅತ್ತೀ, ನೀವು ದೊಡ್ಡವರು, ನೀವ ಮ್ಯಾಲ ಬರ್ರಿ" ಎಂದೆ. ಅವರು 'ಒಲ್ಲೆವ್ವಾ, ಗೆದ್ದಾಕಿ ನೀನು, ನೀನ ಏರು' ಎನ್ನುತ್ತಾರೆ. ನಾನು ಇನ್ನೊಮ್ಮೆ ಕರೆಯುತ್ತೇನೆ. ಅವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಮಂದಿಯ ಬಾಯಿ ಮುಚ್ಚುತ್ತದೆ, ನಾನು ಮೇಲೇರುತ್ತೇನೆ, ಶಾಂತಕ್ಕ ಕೆಳಗೆ ನಿಲ್ಲುತ್ತಾಳೆ.

ಅತ್ತೆಯವರು, "ಹಂಗಂತಿ? ಆತು ಬಿಡು" ಎಂದು ನನ್ನ ಹೆಗಲ ಮೇಲೆ ಕೈ ಊರಿ, ಗಿಳಿಗಳ ಮೇಲೆ ಹತ್ತಿ ನಿಂತೇಬಿಟ್ಟರು.

ಅರವತ್ತು ವರ್ಷ ಎಲ್ಲದಕ್ಕೂ ಒಲ್ಲೆ ಎಂದ ಹೆಂಗಸು, ಆ ಒಂದು ಸಲ ಹೂಂ ಎಂದರು. ನಾನು ಎರಡನೆಯ ಮೆಟ್ಟಿಲ ಕಡೆ ತಿರುಗಿದೆ. ಅಲ್ಲಿ ಶಾಂತಕ್ಕ ಆಗಲೇ ನಿಂತಿದ್ದಳು. ಅವಳು ಬಂದದ್ದೂ ಎರಡನೆಯವಳಾಗಿ, ಮನೆಯ ಲೆಕ್ಕದಲ್ಲೂ ಹಿರಿಯ ಸೊಸೆ, ಅವಳನ್ನು ಇಳಿ ಎನ್ನಲು ನನಗೆ ಯಾವ ಕಾನೂನೂ ಸಿಗಲಿಲ್ಲ. ಉಳಿದದ್ದು ಮೂರನೆಯದು. ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದ ನಾನು ಎಲ್ಲರಿಗಿಂತ ಕೆಳಗೆ ನಿಂತೆ. ಅಷ್ಟರಲ್ಲಿ ತಡವಾಗಿ ಬಂದ ಮುಖ್ಯ ಅತಿಥಿ, ಊರಿಗೆ ಹೊಸದಾಗಿ ಬಂದಿದ್ದ ಸಾಹೇಬರೊಬ್ಬರ ಹೆಂಡತಿ, ಎತ್ತರ ನಿಂತವರೇ ಗೆದ್ದವರೆಂದು ಹಿತ್ತಾಳೆಯ ಕೊಡವನ್ನು ಅತ್ತೆಯವರಿಗೆ ಕೊಟ್ಟರು. ಶಾಂತಕ್ಕನಿಗೆ ಸ್ಟೀಲಿನ ತಾಟು. ನನಗೆ ಸಾಬೂನಿನ ಡಬ್ಬಿ. ಸ್ಟುಡಿಯೋದವನು ಫೋಟೋ ಹೊಡೆದ. ಹಳೆಯ ಗ್ರೀಕರಲ್ಲಿ ಎರಡನೆಯ, ಮೂರನೆಯ ಬಹುಮಾನವೇ ಇರಲಿಲ್ಲ, ಗೆದ್ದವನೊಬ್ಬನಿಗೆ ಆಲಿವ್ ಎಲೆಯ ಕಿರೀಟ ಅಷ್ಟೆ ಎಂದು ಓದಿದ್ದೆ. ಆ ಡಬ್ಬಿ ಹಿಡಿದು ನಿಂತಾಗ ಗ್ರೀಕರ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ.

ಫೋಟೋ ನಮ್ಮ ಪಡಸಾಲೆಯ ಗೋಡೆಯೇರಿತು. ಅದನ್ನು ನೋಡಿ ಬೆಳೆದ ಓಣಿಗೆ ಈಗ ಓಟ ನೆನಪಿಲ್ಲ. ಟೀಚರಮ್ಮ ರಾಯಚೂರಿಗೆ ಹೋಗಿಬಿಟ್ಟರು. ನನ್ನ ಗಂಡ ಆ ದಿನ ಆಫೀಸಿನ ಕೆಲಸಕ್ಕೆ ಕೊಪ್ಪಳಕ್ಕೆ ಹೋಗಿದ್ದವರು. ಅತ್ತೆಯವರಿಗಂತೂ ವರ್ಷ ಕಳೆದಂತೆ ತಾವೇ ಮೊದಲು ಗೆರೆ ಮುಟ್ಟಿದ ನೆನಪು ದಿನದಿನಕ್ಕೆ ಗಟ್ಟಿಯಾಗುತ್ತಿದೆ. ನಾನು ಜಗಳಕ್ಕೆ ಹೋಗುವುದಿಲ್ಲ, ಅವರೀಗ ಆ ಕೊಡದಲ್ಲೇ ನೀರು ತುಂಬಿಡುತ್ತಾರೆ.

ಆದರೆ ಶಾಂತಕ್ಕ ಇದ್ದಾಳಲ್ಲ. ಬಂದವರು ಫೋಟೋ ನೋಡಿ ಹುಬ್ಬೇರಿಸಿದರೆ, ಅವಳು ದಿಲ್ಲಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಸೆರಗು ಸಿಕ್ಕಿಸುತ್ತಾಳೆ. "ಫೋಟೋ ನಂಬಬ್ಯಾಡ್ರಿ. ಖರೇ ಗೆದ್ದಾಕಿ ನಮ್ಮ ಗಿರಿಜಾ. ಹೆಂಗ ಹೋದ್ಳಂತೀರಿ! ನಾ ಆಕಿ ಹಿಮ್ಮಡ ನೋಡ್ಕೋತ ನೋಡ್ಕೋತ ಹಿಂದ ಉಳದೆ" ಎಂದು, ಇಲ್ಲದ ಕೊಡ ತಲೆಯ ಮೇಲಿಟ್ಟು, ಕುತ್ತಿಗೆ ಅಲುಗದ ನನ್ನ ನಡಿಗೆಯನ್ನು ನನಗಿಂತ ಚೆಂದ ನಡೆದು ತೋರಿಸುತ್ತಾಳೆ. ಕೇಳಿದವರು ನನ್ನನ್ನು ನೋಡಿ ತಲೆದೂಗುತ್ತಾರೆ, ಅವಳನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಾರೆ. ಎಂಥಾ ದೊಡ್ಡ ಮನಸ್ಸು ಎಂದು ಅವರು ಹೇಳುವುದು ಸೋತವಳಿಗೆ, ಗೆದ್ದವಳಿಗಲ್ಲ. ನಾನು ಅಡುಗೆಮನೆಯಲ್ಲಿ ಉರಿಯುತ್ತೇನೆ. ಅವಳು ಗೆದ್ದು ನಾನು ಸೋತಿದ್ದರೆ, ಜೀವ ಹೋದರೂ ನನ್ನ ಬಾಯಿಂದ ಈ ಮಾತು ಹೊರಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳು ಕುಷ್ಟಗಿಗೆ ಹೋಗಿದ್ದಳು. ಬೀಗರ ಕಡೆಯ ಹೆಂಗಸರಿಬ್ಬರು ಬಂದು ಫೋಟೋ ನೋಡಿ, ಇದೇನೆಂದು ಕೇಳಿದರು. ಈಗ ಸಿಕ್ಕಿತು ಅವಕಾಶ ಎಂದು ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ, ಓಟ ಹೇಳಿದೆ, ಮೆಟ್ಟಿಲು ಹೇಳಿದೆ. ಅವರು ಫೋಟೋದಲ್ಲಿ ಮೇಲೆ ನಿಂತ ಅತ್ತೆಯವರನ್ನು ನೋಡಿದರು, ಕೆಳಗೆ ನಿಂತ ನನ್ನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯಾಕೆ ಮೆಲ್ಲಗೆ, "ಇರ್ಲಿ ಬಿಡವ್ವಾ, ಶಾಂತಕ್ಕ ಬರ್ಲಿ, ಆಕೀನ್ನ ಕೇಳಿದ್ರಾತು" ಎಂದರು.

ಆವತ್ತಿನಿಂದ ನನಗೆ ಒಂದು ಮಾತು ಸ್ಪಷ್ಟವಾಗಿದೆ. ನಾನು ಗೆದ್ದೆ ಎಂಬುದಕ್ಕೆ ಈ ಭೂಮಿಯ ಮೇಲೆ ಉಳಿದಿರುವ ಸಾಕ್ಷಿ ಅವಳೊಬ್ಬಳೇ. ಹಾಗಾಗಿ ಹೇಮಗುಡ್ಡದ ದುರ್ಗಮ್ಮನ ಮುಂದೆ ನಿಂತಾಗ ಗಂಡ, ಮಕ್ಕಳು, ಮನೆ ಎಂದು ಬೇಡಿಕೊಂಡ ಮೇಲೆ, ಕೊನೆಗೆ ಶಾಂತಕ್ಕನ ಹೆಸರನ್ನೂ ಸೇರಿಸುತ್ತೇನೆ. ತಾಯೀ, ಅವಳನ್ನು ಗಟ್ಟಿಯಾಗಿ ಇಡು, ನಾನು ಹೋದ ಮೇಲೂ ಒಂದಿಷ್ಟು ದಿನ ಇಡು, ಗಿರಿಜಾ ಗೆದ್ದಳು ಎಂದು ಹೇಳುವವರು ಯಾರಾದರೂ ಬೇಕಲ್ಲ ಎಂದು ಕೈಮುಗಿಯುತ್ತೇನೆ. ಮನಸ್ಸು ಹಗುರಾಗುತ್ತದೆ. ಗುಡ್ಡ ಇಳಿಯುವಾಗ ಹೊಳೆಯುತ್ತದೆ: ಹಾಗಾದರೆ ಆಯುಷ್ಯದಲ್ಲೂ ಅವಳೇ ನನಗಿಂತ ಮುಂದಾದಳಲ್ಲ! ಮತ್ತೆ ಕಿಚ್ಚು ಹತ್ತಿಕೊಳ್ಳುತ್ತದೆ. ಆದರೂ ಬೇಡಿಕೊಂಡದ್ದನ್ನು ವಾಪಸ್ ಕೇಳಲು ಗುಡ್ಡ ಹತ್ತುವುದಿಲ್ಲ.